ತಮ್ಮನ ಸಾಫ್ಟ್‌ವೇರಿಗೊಂದು ಕೈಪಿಡಿ

ನನ್ನ ತಮ್ಮನ ಎದುರು ಯಾವ ಮಾತನ್ನೂ ಎರಡು ಸಲ ಹೇಳಬೇಡಿ. ಎರಡನೆಯ ಸಲ ಒಂದು ಶಬ್ದ ಆಚೀಚೆ ಆದರೂ ಹಿಡಿದುಬಿಡುತ್ತಾನೆ. "ಆಗ ನೀವು ಹೇಳಿದ್ದು ಹಾಗಲ್ಲ" ಎಂಬುದು ಅವನ ನಿತ್ಯಪಾರಾಯಣ. ಮದುವೆ ಮನೆಯಲ್ಲಿ ಅವನ ಪಕ್ಕದ ಕುರ್ಚಿ ಯಾಕೆ ಖಾಲಿ ಉಳಿಯುತ್ತದೆ ಎಂದು ಬೇರೆ ಹೇಳಬೇಕೆ?

ಮೀನಿನ ಬೋಟುಗಳು ಬಂದು ನಿಲ್ಲುವ ಬಂದರಿನ ದಕ್ಕೆಯಲ್ಲಿ ಇಂಜಿನ್ ರಿಪೇರಿ ಮಾಡಿಕೊಂಡಿದ್ದವನು. ಒಂದು ಬೆಳಿಗ್ಗೆ ಯಾವುದೋ ಹವಾಮಾನದ ಜಾಲಪುಟ ನೋಡಿ, ಕಡಲಿಗೆ ಹೋಗಬಹುದು ಎಂದು ನಾಲ್ಕು ಬೋಟಿನವರಿಗೆ ಹೇಳಿದ. ಅವರು ಹೊರಟ ಮೇಲೆ ಅದೇ ಪುಟದಲ್ಲಿ ಹೋಗಬಾರದು ಎಂದು ಬಂತು. ಬೋಟುಗಳು ಹೊಳೆ ಕಡಲು ಸೇರುವ ಅಳಿವೆಯಿಂದಲೇ ಹಿಂದೆ ತಿರುಗಿದವು. "ನಿನ್ನ ಕಣ್ಣು ಎಲ್ಲಿ ಇತ್ತು ಮಾರಾಯ?" ಎಂದು ಎಲ್ಲರೂ ಕೇಳಿದರು. ಬೆಳಗಿನ ಪುಟ ಬೇರೆಯೇ ಇತ್ತು ಎಂದು ತೋರಿಸಲು ಅವನ ಬಳಿ ಏನೂ ಇರಲಿಲ್ಲ.

ಅಷ್ಟು ಸಾಕಾಯಿತು. ಅರವತ್ತೆರಡನೆಯ ವಯಸ್ಸಿನಲ್ಲಿ ಕೊಡಿಯಾಲ್‌ಬೈಲಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ. ಎರಡು ವರ್ಷ ಹೆಣಗಿ ಒಂದು ಸಾಫ್ಟ್‌ವೇರ್ ಮಾಡಿದ. ಹೇಳಿದ ಜಾಲಪುಟವನ್ನು ಅದು ಫೋಟೋ ತೆಗೆದಂತೆ ಉಳಿಸಿಡುತ್ತದೆ. ನಿನ್ನೆಯದನ್ನೂ ಇಂದಿನದನ್ನೂ ಅಕ್ಕಪಕ್ಕ ಇಟ್ಟು, ಹೋದದ್ದನ್ನು ಕೆಂಪಿನಲ್ಲಿ, ಬಂದದ್ದನ್ನು ಹಸಿರಿನಲ್ಲಿ ತೋರಿಸುತ್ತದೆ. ಜಗಳಗಂಟತನವನ್ನು ವಿದ್ಯುತ್ತಿನಿಂದಲೂ ನಡೆಸಬಹುದು ಎಂದು ನನಗೆ ಆಗ ತಿಳಿಯಿತು.

ಅದನ್ನು ಬಳಸುವ ಕ್ರಮದ ಕೈಪಿಡಿ ಬರೆಯುವ ಕೆಲಸ ನನ್ನ ತಲೆಯ ಮೇಲೆ ಬಿತ್ತು.

"ಬೋಟಿನವರಿಗೆ ಅರ್ಥ ಆಗ್ಬೇಕಲ್ಲ ಅಕ್ಕ. ನೀನು ಆಸ್ಪತ್ರೆಯಲ್ಲಿ ಇಂಥದ್ದು ಎಷ್ಟು ಬರ್ದಿದ್ದಿ!"

ಬರೆದದ್ದು ನಿಜ. ಮೂವತ್ತನಾಲ್ಕು ವರ್ಷ ನರ್ಸ್ ಆಗಿ, ಕೊನೆಗೆ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಈಗಲೂ ಐದಕ್ಕೆ ಏಳುತ್ತೇನೆ, ಐದೂ ಹತ್ತಕ್ಕೆ ಹಾಸಿಗೆಯ ಬಟ್ಟೆ ಸುಕ್ಕಿಲ್ಲದಂತೆ ಎಳೆದು ಮಡಚುತ್ತೇನೆ, ಹನ್ನೆರಡೂವರೆಗೆ ಊಟ. ಮಣ್ಣಗುಡ್ಡದ ಈ ಫ್ಲ್ಯಾಟಿನಲ್ಲಿ ನನ್ನ ತಪಾಸಣೆಗೆ ಉಳಿದಿರುವ ಹಾಸಿಗೆ ಒಂದೇ. ಅದರಲ್ಲಿ ಮಲಗುವವಳೂ ನಾನೇ.

ಹೆಂಡತಿ ತೀರಿಕೊಂಡ ಮೇಲೆ ನನ್ನ ಮೆಟ್ಟಿಲು ಹತ್ತದೇ ಇದ್ದ ತಮ್ಮ, ದಿನಾ ನಾಲ್ಕಕ್ಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರತೊಡಗಿದ. ನನ್ನ ಕಂಪ್ಯೂಟರಿಗೂ ಸಾಫ್ಟ್‌ವೇರಿನ ಒಂದು ಪ್ರತಿ ಹಾಕಿಕೊಟ್ಟ. ನನ್ನ ಮೊದಲ ಕರಡು ಹೀಗಿತ್ತು: "ಕೈ ತೊಳೆದು ಒರೆಸಿಕೊಳ್ಳಿ. ಪುಟದ ವಿಳಾಸವನ್ನು ಎರಡು ಸಲ ಓದಿ. ಆಮೇಲೆ ಬಟನ್ ಒತ್ತಿ."

"ಕೈ ತೊಳಿಯುವುದು ಎಂತಕ್ಕೆ? ಇದು ಕಂಪ್ಯೂಟರ್, ಪೇಶಂಟ್ ಅಲ್ಲ."

"ಒತ್ತುವವರು ಮೀನು ಮುಟ್ಟಿದ ಕೈಯವರಲ್ವಾ?"

ಅವನು ತನ್ನ ಕೀಬೋರ್ಡನ್ನು ಮೂಸಿ ನೋಡಿದ. ಆ ವಾಕ್ಯ ಉಳಿಯಿತು.

ಮೂರು ವಾರದಲ್ಲಿ, ಒಂದು ಶನಿವಾರ, ಒಂಬತ್ತು ಪುಟ ಮುಗಿಸಿದೆ. ಸೋಮವಾರ ಬಂದವನೇ, "ಅಕ್ಕ, ಆ ಬಟನನ್ನು ಎಡಗಡೆಗೆ ಹಾಕಿದೆ" ಎಂದ. ನನ್ನ ಪ್ರತಿಯಲ್ಲೂ ಹಾಗೆ ಮಾಡಿಕೊಟ್ಟ; ಕೈಪಿಡಿಯ ಎಲ್ಲ ಚಿತ್ರಗಳನ್ನೂ ನಾನು ಬದಲಾಯಿಸಿದೆ. ಬುಧವಾರ, "ಎಡಗಡೆ ಸರಿ ಆಗುವುದಿಲ್ಲ, ಪುನಃ ಬಲಕ್ಕೆ ತಂದೆ." ಶುಕ್ರವಾರ ಮತ್ತೆ ಎಡಕ್ಕೆ.

"ವಾರ್ಡಿನಲ್ಲಿ ಯಾರಾದರೂ ಹೀಗೆ ಮಂಚ ಎಳೆದಾಡಿದ್ದರೆ ಅವರನ್ನೇ ಅದರಲ್ಲಿ ಮಲಗಿಸ್ತಿದ್ದೆ" ಎಂದೆ.

ಹೀಗೆ ಒಂದು ತಿಂಗಳು ಹೋಯಿತು. ಮೊನ್ನೆ ಬೆಳಿಗ್ಗೆ ದಕ್ಕೆಯಿಂದ ಬಂಗುಡೆ ಮೀನು ತರುವಾಗ ಆ ನಾಲ್ಕು ಬೋಟಿನವರಲ್ಲಿ ಒಬ್ಬರು ಸಿಕ್ಕಿದರು. ಪುಸ್ತಕ ಸ್ವಲ್ಪ ತಡವಾಗುತ್ತದೆ ಎಂದು ಕ್ಷಮೆ ಕೇಳಿದೆ.

"ಯಾವ ಪುಸ್ತಕ ಸಿಸ್ಟರ್? ನಾವು ಆರು ತಿಂಗಳಿಂದ ಅದರಲ್ಲೇ ನೋಡುವುದಲ್ವಾ. ಒಂದು ಬಟನ್ ಒತ್ಲಿಕ್ಕೆ ಪುಸ್ತಕ ಎಂತಕ್ಕೆ?"

"ಆ ಬಟನ್ ಈಗ ಎಡಗಡೆ ಉಂಟಲ್ಲ?"

"ಇಲ್ಲ ಇಲ್ಲ. ಇದ್ದಲ್ಲೇ ಉಂಟು."

ಮನೆಗೆ ಬಂದವಳೇ ಕಂಪ್ಯೂಟರ್ ಎದುರು ಕುಳಿತೆ. ಆ ಸಾಫ್ಟ್‌ವೇರ್ ತೆರೆದುಕೊಳ್ಳುವುದೂ ಒಂದು ಜಾಲಪುಟವಾಗಿಯೇ. ಕೈಪಿಡಿಗೆ ಉದಾಹರಣೆ ಬೇಕೆಂದು ನಾನು ದಿನಾ ಅದೇ ಪುಟವನ್ನು ಉಳಿಸಿಟ್ಟಿದ್ದೆ. ಒಂದೊಂದೇ ದಿನವನ್ನು ಹೋಲಿಸಿದೆ. ಎಡಗಡೆ ಕೆಂಪು, ಬಲಗಡೆ ಹಸಿರು. ಬಲಗಡೆ ಕೆಂಪು, ಎಡಗಡೆ ಹಸಿರು. ಇಡೀ ತಿಂಗಳಲ್ಲಿ ಬೇರೆ ಒಂದಕ್ಷರವೂ ಕದಲಿರಲಿಲ್ಲ. ಅದೂ ನನಗೆ ಕೊಟ್ಟ ಪ್ರತಿಯಲ್ಲಿ ಮಾತ್ರ.

ಕೈಪಿಡಿ ಮುಗಿದರೆ ನಾಲ್ಕು ಗಂಟೆಗೆ ಬರಲು ಅವನಿಗೆ ನೆಪವಿರಲಿಲ್ಲ. ಕರೆಯಲು ನನಗೂ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಬಾ ಎಂದು ಹೇಳಿ ಅಭ್ಯಾಸವಿಲ್ಲ.

ನಾಲ್ಕಕ್ಕೆ ಸರಿಯಾಗಿ ಬಂದ. ಮೇಜಿನ ಮೇಲಿದ್ದ ಒಂಬತ್ತು ಪುಟ ನೋಡಿ ಮುಖ ಸಣ್ಣದು ಮಾಡಿದ.

"ಎಲ್ಲ ಆಯ್ತಾ ಅಕ್ಕ?"

ಅರ್ಧ ಮಾಡಿದ ಕೆಲಸವನ್ನು ಯಾರ ಕೈಗೂ ಕೊಟ್ಟವಳಲ್ಲ ನಾನು.

"ಎಲ್ಲಿ ಆಯ್ತು?" ಎಂದೆ. "ಎಡಗಡೆಯೂ ಸರಿ ಇಲ್ಲ, ಬಲಗಡೆಯೂ ಸರಿ ಇಲ್ಲ. ನಡುವಿಗೆ ತಂದರೆ ಹೇಗೆ?"

ಅವನು ಕುರ್ಚಿ ಎಳೆದು ಕುಳಿತ.

"ನಡುವಿಗಾ? ಅದಕ್ಕೆ ತುಂಬ ದಿನ ಬೇಕು."

"ತೆಗೆದುಕೋ. ಆದರೆ ಇಲ್ಲೇ ಕೂತು ಮಾಡು. ರಾತ್ರಿಗೆ ಬಂಗುಡೆ ಸಾರು ಉಂಟು."

ಇಷ್ಟು ದಿನ ಬ್ಯಾಟರಿ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದವನು, ಚೀಲದ ತಳದಿಂದ ಚಾರ್ಜರ್ ತೆಗೆದು, ಸುತ್ತಿದ್ದ ವಯರನ್ನು ನಿಧಾನವಾಗಿ ಬಿಡಿಸಿದ.

"ಅಕ್ಕ, ಪ್ಲಗ್ ಎಲ್ಲಿ ಉಂಟು?"