ಮಾವನ ಪ್ಲೇಟಿನ ಇನ್ನೊಂದು ಮಗ್ಗುಲು

ಮದ್ದೂರು ತಾಲ್ಲೂಕಿನ ಕಬ್ಬು ಬೆಳೆಗಾರರಲ್ಲಿ ಏಪ್ರಿಲ್ ತಿಂಗಳಲ್ಲೂ ಕ್ರಿಸ್‌ಮಸ್ ಆಚರಿಸುವವನು ನನ್ನ ಸೋದರಮಾವ ಒಬ್ಬನೇ! ಕೇಕು, ನಕ್ಷತ್ರ ಏನೂ ಇಲ್ಲ. ಸಂಜೆ ಜಗಲಿಯ ಮೇಲೆ ಹಳೇ ರೆಕಾರ್ಡ್ ಪ್ಲೇಯರ್ ಇಟ್ಟು, ಇಂಗ್ಲಿಷಿನ ಕ್ರಿಸ್‌ಮಸ್ ಹಾಡುಗಳ ಪ್ಲೇಟು ಹಾಕಿ, ಕಣ್ಣು ಮುಚ್ಚಿ ಕೂರುತ್ತಾನೆ. ಹಾಡಿನಲ್ಲಿ ಹಿಮ ಸುರಿಯುತ್ತದೆ, ಮಾವನ ಬನಿಯನ್ನಿನಲ್ಲಿ ಬೆವರು! ಇಂಗ್ಲಿಷು ಎಷ್ಟು ಬರುತ್ತದೆ ಎನ್ನುತ್ತೀರಾ? ಬಸ್ಸಿನ ಬೋರ್ಡು ಓದುವಷ್ಟು.

ಒಂದು ಕಾಲಕ್ಕೆ ಅವನು ಸೋಮನಹಳ್ಳಿಯಿಂದ ಮಳವಳ್ಳಿಯವರೆಗೆ ಮದುವೆಮನೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಬೆಂಗಳೂರಿನ ಗುಜರಿಯಲ್ಲಿ ಹಳೇ ಪ್ಲೇಟುಗಳ ಕಟ್ಟು ಕೊಂಡಾಗ ಅದರೊಳಗೆ ಇದೂ ಬಂತು. ಹೊದಿಕೆಯ ಮೇಲೆ ಬಿಳಿಗಡ್ಡದ ಮುದುಕ. ಹಾಕಿದರೆ ಗಂಟೆ ಸದ್ದು, ಹತ್ತಾರು ಮಂದಿಯ ಒಕ್ಕೊರಲು. ಗಡ್ಡವಿದೆ, ಗಂಟೆಯಿದೆ, ಇನ್ನೇನು ಬೇಕು? ಯಾವುದೋ ಮಠದ ಭಜನೆ ಎಂದು ಮಾವ ತೀರ್ಮಾನಿಸಿಬಿಟ್ಟ. ಆಮೇಲೆ ಆ ಸೀಮೆಯ ಎಷ್ಟು ಹೆಣ್ಣುಮಕ್ಕಳ ಅರಿಶಿನ ಶಾಸ್ತ್ರ ಈ ಹಾಡಿನಲ್ಲೇ ನಡೆಯಿತೋ! ಹನಕೆರೆಯವರಂತೂ ಆ ಗಂಟೆ ಪ್ಲೇಟು ತರದಿದ್ದರೆ ಮೈಕ್‌ಸೆಟ್ಟೇ ಬೇಡ ಎನ್ನುತ್ತಿದ್ದರಂತೆ. ಕೊನೆಗೆ ಮಳವಳ್ಳಿಯ ಮದುವೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬರು ತುತ್ತು ಎಲೆಯ ಮೇಲಿಟ್ಟು, ಇದು ಏಸುವಿನ ಹುಟ್ಟುಹಬ್ಬದ ಹಾಡು ಎಂದುಬಿಟ್ಟರು. ಮಾವ ಅಲುಗಲಿಲ್ಲ.

“ಉಟ್ಟಬ್ಬದ್ದು ತಾನೇ ಮೇಷ್ಟ್ರೆ? ಸಾವಿಂದಲ್ವಲ್ಲ. ಮದ್ವೆಗೆ ನಡೀತದೆ ಬುಡಿ.”

ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆ ಸಂಗತಿ. ನಾನು ಕಂಡಾಗಿನಿಂದಲೂ ಮಾವ ಆ ಪ್ಲೇಟಿನ ಒಂದೇ ಮಗ್ಗುಲು ಹಾಕುತ್ತಿದ್ದ. ಮುಗಿದರೆ ಮತ್ತೆ ಅದೇ! ಆ ಕಡೆ ಏನಿದೆ ಎಂದರೆ ಗೊತ್ತಿಲ್ಲ ಎನ್ನುತ್ತಿದ್ದ. ಯಾಕೆ ಗೊತ್ತಿಲ್ಲ ಎಂದರೆ ಗದ್ದೆಗೆ ನೀರು ಕಟ್ಟಲು ಹೊರಟುಬಿಡುತ್ತಿದ್ದ. ಫೋನಿನಲ್ಲಿ ಹುಡುಕಿ ಕೇಳಿಸುತ್ತೇನೆ ಎಂದರೆ ಕಿವಿ ಮುಚ್ಚಿಕೊಂಡ. ಒಮ್ಮೆ ಅವನು ಕೊಟ್ಟಿಗೆಗೆ ಹೋದಾಗ ಮಗುಚಲು ಹೋಗಿ, ಸಿಕ್ಕಿಬಿದ್ದು, ಮೊಣಕೈಗೆ ಏಟು ತಿಂದಿದ್ದೇನೆ. ನನಗಾಗ ಮೂವತ್ತೆರಡು ವರ್ಷ!

ಹೋದ ಡಿಸೆಂಬರಿನಲ್ಲಿ ಹೋದಾಗ ಮಾವನ ಮುಖ ಸಪ್ಪಗಿತ್ತು. ಪ್ಲೇಯರಿನ ಮುಳ್ಳು ಸವೆದಿತ್ತು. ಮದ್ದೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಭಾಯ್, ಮೈಕ್‌ಸೆಟ್ ಕಾಲದಿಂದಲೂ ಮಾವನ ಗೆಳೆಯ, ಮನೆಗೇ ಬಂದು ಭೂತಗನ್ನಡಿ ಹಿಡಿದು ನೋಡಿದ.

“ಇನ್ನೊಂದ್ಸಲ ಓಡ್ತದೆ ಅಣ್ಣ. ಆಮೇಲೆ ಪ್ಲೇಟ್ನೇ ಕೊರೀತದೆ. ಇದ್ರ ಮುಳ್ಳು ಈಗೆಲ್ಲೂ ಸಿಗಾಕಿಲ್ಲ.”

ಭಾಯ್ ಹೋದ ಮೇಲೆ ಮಾವ ಪ್ಲೇಯರನ್ನು ಜಗಲಿಗೆ ತಂದಿಟ್ಟ. ಆಮೇಲೆ ಪ್ಲೇಟನ್ನು ಪಂಚೆಯ ತುದಿಯಿಂದ ಒರೆಸಿ, ಮಗುಚಿ ಇಟ್ಟ! ನನಗೆ ಮೈಯೆಲ್ಲ ಕಿವಿಯಾಯಿತು. ಆದರೆ ಮುಳ್ಳು ಇಳಿಸದೆ ಒಳಕ್ಕೆ ತಿರುಗಿ ಅತ್ತೆಯನ್ನು ಕರೆದ. ಅತ್ತೆ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ಹಿತ್ತಲಿನ ರೇಷ್ಮೆಹುಳದ ಮನೆಗೆ ಹೊರಟಿದ್ದಳು.

“ಬಾ ಅಮ್ಮಿ, ಕೂತ್ಕೊ. ಪ್ಲೇಟು ತಂದ ದಿನ ಆ ಕಡೆದು ಇಬ್ರೂ ಕೇಳುದ್ವಿ. ಈ ಕಡೆದು ಒಬ್ರೇ ಕೇಳ್ಬೇಡಿ, ಉಳಕ್ಕೆ ಸೊಪ್ಪಾಕ್ಬುಟ್ಟು ಬತ್ತೀನಿ ಅಂತ ನೀನೇ ಅಂದಿದ್ದೆ.”

ಅತ್ತೆ ನಿಂತಲ್ಲೇ ನಿಂತಳು. ಒಂದು ಬೆಳೆಯ ಹುಳ ಗೂಡು ಕಟ್ಟಿದರೆ ಇನ್ನೊಂದು ಬೆಳೆ, ನಡುವೆ ಮಕ್ಕಳು, ಹಸು, ಬಾಣಂತನ. ಪ್ಲೇಟು ಬಂದ ಈ ನಲವತ್ತು ವರ್ಷದಲ್ಲಿ ಆ ಜಗಲಿಯ ಮೇಲೆ ಅವಳು ಕೂತದ್ದನ್ನು ನಾನು ನೋಡಿದ್ದೆನೇ? ನೆನಪಾಗಲಿಲ್ಲ. ಇಷ್ಟು ವರ್ಷ ಮಾವನನ್ನು ಗೇಲಿ ಮಾಡಿದ ನನಗೆ ನಾಚಿಕೆಯಾಯಿತು.

“ಉಳ ಅಸ್ಕೊಂಡವೆ ಕಣಪ್ಪ,” ಎಂದು ಅತ್ತೆ ನನ್ನ ಮುಖ ನೋಡಿದಳು. ಕಣ್ಣು ತುಂಬಿತ್ತು.

ನಾನು ಕುಕ್ಕೆ ಕಿತ್ತುಕೊಂಡು ಹಿತ್ತಲಿಗೆ ಹೋದೆ. ಹುಳದ ಮನೆಯ ಬಾಗಿಲು ಹಾಕಿಕೊಂಡು, ಒಂದೊಂದೇ ತಟ್ಟೆಗೆ ನಿಧಾನವಾಗಿ ಸೊಪ್ಪು ಹರಡಿದೆ. ಜಗಲಿಯ ಕಡೆಯಿಂದ ಏನೋ ಸಣ್ಣಗೆ ಕೇಳಿಸಲು ಶುರುವಾಯಿತು. ಬಾಗಿಲ ಹತ್ತಿರ ಹೋಗಿದ್ದರೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಹೋಗಲಿಲ್ಲ. ಸೊಪ್ಪು ಮುಗಿದ ಮೇಲೂ ಅಲ್ಲೇ ನಿಂತಿದ್ದೆ. ಆ ಮಗ್ಗುಲಲ್ಲಿ ಏನಿತ್ತು ಎಂದು ಆಮೇಲೆ ಅವರನ್ನು ಕೇಳಲೂ ಇಲ್ಲ.