ಅರ್ಜಿದಾರಳಿಗೆ ಗಣಿತ ಬರುವುದಿಲ್ಲವೆಂದು ದಾಖಲಿಸುವ ಕುರಿತು

ಇವರಿಂದ,
ಭಾಷಾ ಶಿಕ್ಷಕಿ (ಎಂಟು ತಿಂಗಳಿಂದ ಗಣಿತ ಶಿಕ್ಷಕಿಯೂ),
ಬಸ್ಸು ತಿರುಗಿಸಿಕೊಳ್ಳುವ ಜಾಗದಿಂದ ಅರ್ಧ ಗಂಟೆ ನಡೆದರೆ ಸಿಗುವ ಪ್ರೌಢಶಾಲೆ.

ಇವರಿಗೆ,
ಮಾನ್ಯ ಶಿಕ್ಷಕರ ಹಂಚಿಕೆ ಅಧಿಕಾರಿಗಳು,
ನಾಲ್ಕನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಅರ್ಜಿದಾರಳಿಗೆ ಗಣಿತ ಬರುವುದಿಲ್ಲವೆಂದು ದಾಖಲಿಸಿ, ಬರುವವರೊಬ್ಬರನ್ನು ಕಳಿಸಿಕೊಡುವ ಬಗ್ಗೆ.

ಉಲ್ಲೇಖ: 1. ಶಾಲಾ ಮಾಹಿತಿ ನಮೂನೆ, ಕಾಲಂ ಹದಿನಾಲ್ಕು.
2. ತಮ್ಮ ಕಚೇರಿಯ ಗುಮಾಸ್ತರ ಬಾಯಿಮಾತು.
3. ಅರ್ಜಿದಾರಳ ಅಜ್ಜಿಯ ಬೈಗುಳ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಾಚಿಕೊಂಡೇ ಅರಿಕೆ ಮಾಡುವುದೇನೆಂದರೆ:

1. ಸದರಿ ಶಾಲೆಯ ಗಣಿತ ಮೇಷ್ಟ್ರು ನಿವೃತ್ತರಾದ ಕಾರಣ, ಮಕ್ಕಳು ಸುಮ್ಮನೆ ಕೂರಬಾರದೆಂಬ ಕಾರಣ, ಮತ್ತು ಬೇರೆ ಯಾರೂ ಇಲ್ಲದ ಕಾರಣ, ಆ ಪಿರಿಯಡ್ಡಿಗೆ ಅರ್ಜಿದಾರಳೇ ಹೋದಳು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವಳಾದ್ದರಿಂದ, ಕಥೆ ಗೊತ್ತಿದ್ದರೆ ಏನು ಬೇಕಾದರೂ ಕಲಿಸಬಹುದೆಂಬ ಭ್ರಮೆ ಅವಳಿಗಿತ್ತು. ಆದ್ದರಿಂದ ಎಕ್ಸ್ ಎಂಬುದು ವೇಷ ಮರೆಸಿಕೊಂಡ ರಾಜಕುಮಾರನಾಯಿತು. ಮೈನಸ್ ಸಂಖ್ಯೆಗಳೆಲ್ಲ ರಾಕ್ಷಸರಾದವು. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಇಬ್ಬರು ರಾಕ್ಷಸರು ಒಬ್ಬರನ್ನೊಬ್ಬರು ತಿಂದು ಮುಗಿಸುತ್ತಾರೆ, ಊರಿಗೆ ಒಳ್ಳೆಯದಾಗುತ್ತದೆ, ಅಂದರೆ ಪ್ಲಸ್. ಮಕ್ಕಳು ಚಪ್ಪಾಳೆ ತಟ್ಟಿದರು. ಅರ್ಜಿದಾರಳು ಆ ಸಂಜೆ ನೆಲದಿಂದ ನಾಲ್ಕು ಬೆರಳು ಮೇಲೆ ನಡೆದು ಮನೆಗೆ ಹೋದಳು.

2. ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಎಲ್ಲದಕ್ಕೂ "ಯಾಕೆ?" ಅನ್ನುವುದರಿಂದ ತರಗತಿ ಅವಳನ್ನು ಯಾಕಮ್ಮ ಎಂದೇ ಕರೆಯುತ್ತದೆ. ಅವಳು ಎದ್ದು ನಿಂತಳು. "ಟೀಚರ್, ಮೈನಸ್ ಎರಡಕ್ಕೆ ಮೈನಸ್ ಮೂರು ಕೂಡಿಸಿದ್ರೂ ಇಬ್ಬರು ರಾಕ್ಷಸರೇ ಅಲ್ವಾ? ಅಲ್ಲಿ ಯಾಕೆ ತಿನ್ನಲ್ಲ?"

ಅರ್ಜಿದಾರಳ ಉತ್ತರ: "ಅವತ್ತು ಅವರಿಗೆ ಹೊಟ್ಟೆ ತುಂಬಿತ್ತಮ್ಮಾ."

3. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹನ್ನೊಂದು ಮಕ್ಕಳು "ರಾಕ್ಷಸರಿಗೆ ಹೊಟ್ಟೆ ತುಂಬಿದ್ದ ಕಾರಣ ಉತ್ತರ ಮೈನಸ್ ಐದು" ಎಂದು ಬರೆದರು. ಉತ್ತರ ಸರಿಯಿದ್ದುದರಿಂದ ಅರ್ಜಿದಾರಳು ಪೂರ್ತಿ ಅಂಕ ಕೊಟ್ಟಳು. ಫಲಿತಾಂಶ ಏರಿತು. ಅದು ಅವಳ ತಲೆಗೂ ಏರಿತು.

4. ಅದೇ ವಾರ ಸದರಿ ನಮೂನೆ ಬಂತು. ಕಾಲಂ ಹದಿನಾಲ್ಕು: "ಗಣಿತ ಬೋಧಿಸುವವರು ಇದ್ದಾರೆಯೇ?" ಮುಖ್ಯೋಪಾಧ್ಯಾಯರು, "ಇಲ್ಲ ಅಂತ ಬರೀರಿ ಮೇಡಂ, ಈ ಸಲವಾದ್ರೂ ಒಬ್ಬರನ್ನ ಕೊಡ್ತಾರೆ" ಅಂದರು. ಅರ್ಜಿದಾರಳಿಗೆ ಅದು ಚುಚ್ಚಿತು. ತನ್ನ ದುಂಡನೆಯ ಅಕ್ಷರದಲ್ಲಿ "ಇದ್ದಾರೆ" ಎಂದು ಬರೆದು, ಕೆಳಗೊಂದು ಗೆರೆಯನ್ನೂ ಎಳೆದಳು.

ಆ ಕಾರಣದಿಂದ, ಈ ಶಾಲೆಗೆ ಬರಬೇಕಿದ್ದ ಗಣಿತ ಶಿಕ್ಷಕರು ಪೇಟೆಯ ಶಾಲೆಗೆ ಹೋದರು. ಅಲ್ಲಿ ಆಗಲೇ ನಾಲ್ವರಿದ್ದರು. ಅರ್ಜಿದಾರಳು ಖುದ್ದಾಗಿ ಹೋಗಿ ನೋಡಿದ್ದಾಳೆ: ಒಬ್ಬರು ಪಾಠ ಮಾಡುತ್ತಿದ್ದರು, ಇಬ್ಬರು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು, ನಾಲ್ಕನೆಯವರು ವೇಳಾಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದರು. ಹೊಸದಾಗಿ ಬಂದವರಿಗೆ ಕುರ್ಚಿ ಬಂದಿರಲಿಲ್ಲ.

5. ತಮ್ಮ ಗುಮಾಸ್ತರನ್ನು ವಿಚಾರಿಸಲಾಗಿ:

"ನಿಮ್ಮಲ್ಲಿ ಒಬ್ಬರು ಇದ್ದಾರಲ್ಲಮ್ಮಾ, ದಾಖಲೆಯಲ್ಲಿ."

"ಅದು ನಾನೇ ಸಾರ್."

"ಹಾಗಾದ್ರೆ ಇದ್ದೀರಲ್ಲ!"

ಈ ತರ್ಕಕ್ಕೆ ಎದುರಾಡುವಷ್ಟು ಗಣಿತ ಅರ್ಜಿದಾರಳಿಗೆ ಬರುವುದಿಲ್ಲ.

6. ಇಷ್ಟೇ ಆಗಿದ್ದರೆ ಅವಳು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಕಳೆದ ಸೋಮವಾರ ಹೊಸ ಪಾಠ ಮುಗಿದರೂ ಯಾಕಮ್ಮ ಏಳಲಿಲ್ಲ. ಅರ್ಜಿದಾರಳೇ ಕಾದು ಕಾದು ಕೇಳಿದಳು: "ಏನೂ ಕೇಳಲ್ವೇನೇ ಇವತ್ತು?"

"ಬೇಡ ಟೀಚರ್. ನಿಮಗೆ ಕಷ್ಟ ಆಗುತ್ತೆ."

ಅಂದಿನಿಂದ ಆ ಹುಡುಗಿ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಪರೀಕ್ಷೆಗೆ ಇನ್ನು ಎರಡು ತಿಂಗಳಿದೆ.

7. ಮನೆಗೆ ಬಂದು ಇದನ್ನು ಹೇಳಿದಾಗ, ರಾಕ್ಷಸರನ್ನೆಲ್ಲ ಸಾಕಿ ಕೊಟ್ಟ ಅಜ್ಜಿಯೇ ಸಿಡುಕಿದಳು: "ನಾನು ಕಥೆ ಹೇಳಿದ್ದು ನಿನಗೆ ನಿದ್ದೆ ಬರ್ಲಿ ಅಂತ ಕಣೇ. ನೀನು ಇಡೀ ಕ್ಲಾಸನ್ನೇ ಮಲಗಿಸಿಬಿಟ್ಯಲ್ಲ! ಗೊತ್ತಿಲ್ಲ ಅಂತ ಹೋಗಿ ಹೇಳು, ನಡಿ."

ಅಜ್ಜಿಯ ಕಥೆಗಳಲ್ಲಿ ರಾಜಕುಮಾರರು ಉತ್ತರ ಹುಡುಕಿಕೊಂಡು ಏಳು ಸಮುದ್ರ ದಾಟುತ್ತಿದ್ದರು. ಅರ್ಜಿದಾರಳು ನಾಲ್ಕು ಮಹಡಿ ಹತ್ತಿ ಬಂದಿದ್ದಾಳೆ.

ಆದ್ದರಿಂದ, ಕಾಲಂ ಹದಿನಾಲ್ಕರಲ್ಲಿನ "ಇದ್ದಾರೆ" ಎಂಬುದನ್ನು, ಕೆಳಗಿನ ಗೆರೆಯ ಸಮೇತ, ಹೊಡೆದುಹಾಕಿ, ಪೇಟೆಯ ಐವರಲ್ಲಿ ಕುರ್ಚಿ ಸಿಗದ ಆ ಒಬ್ಬರನ್ನು ಇತ್ತ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಕುರ್ಚಿ ಇಲ್ಲಿ ಖಾಲಿ ಇದೆ, ಒರೆಸಿಡಲಾಗಿದೆ.

ತಮ್ಮ ವಿಶ್ವಾಸಿ
(ಲೆಕ್ಕ ಒಂದನ್ನು ಬಿಟ್ಟು),
ಅರ್ಜಿದಾರಳು

ಲಗತ್ತುಗಳು:
1. ಅರ್ಜಿದಾರಳ ಹತ್ತನೇ ತರಗತಿಯ ಅಂಕಪಟ್ಟಿ. ಗಣಿತ: ಮೂವತ್ತಾರು. (ಅಜ್ಜಿಗೆ ತೋರಿಸಿಲ್ಲ. ತಾವೂ ಹೇಳಬಾರದು.)
2. ರಾಕ್ಷಸರಿರುವ ಉತ್ತರ ಪತ್ರಿಕೆಗಳು, ಹನ್ನೊಂದು.
3. ಯಾಕಮ್ಮ ಕೇಳಿದ ಪ್ರಶ್ನೆಗಳು, ಇಪ್ಪತ್ತಮೂರು. ಕೇಳದೇ ಬಿಟ್ಟವಕ್ಕಾಗಿ ಖಾಲಿ ಹಾಳೆ, ಒಂದು.

ವಿಶೇಷ ಸೂಚನೆ: ಹೊಸ ಶಿಕ್ಷಕರು ಬಂದ ದಿನ ಅರ್ಜಿದಾರಳಿಗೂ ಕೊನೆಯ ಬೆಂಚಿನಲ್ಲಿ ಕೂರಲು ಅನುಮತಿ ನೀಡಬೇಕು. ಆ ಇಬ್ಬರು ರಾಕ್ಷಸರು ಯಾಕೆ ತಿನ್ನಲಿಲ್ಲವೆಂದು ಅವಳಿಗೂ ಗೊತ್ತಾಗಬೇಕಿದೆ.