ನ್ಯೂಟ್ರಲ್‌ಗೆ ಬಾರದ ಬೋಟಿನಲ್ಲಿ ಬೀಗತಿ

ಹೆದರಿಕೆ ನನಗೆ ಹೊಸದೇನಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಅದರ ಸುತ್ತ ಮೂಸಿ ನೋಡುವವನು, ರೈಲು ಹತ್ತಿದ ಮೇಲೂ ಇದು ಅದೇ ರೈಲು ಹೌದೋ ಎಂದು ಎದುರು ಕೂತವರನ್ನು ಕೇಳುವವನು ನಾನು. ಅಂಥವನು ಮಾಸ್ತರಿಕೆಯಿಂದ ನಿವೃತ್ತನಾಗಿ ಹಳೆಯ ಬೋಟೊಂದನ್ನು ಯಾಕೆ ಕೊಂಡೆ ಎಂದು ಹೆಂಡತಿ ಸುಮಿತ್ರೆ ಈಗಲೂ ಕೇಳುತ್ತಾಳೆ. ಹೊನ್ನಾವರದಲ್ಲಿ ಶರಾವತಿಯ ದಂಡೆಗೇ ಮನೆ. ಎದುರಿಗೆ ಅಷ್ಟು ನೀರಿರುವಾಗ ಸುಮ್ಮನೆ ನೋಡುತ್ತ ಕೂರುವುದು ಹೇಗೆ ಅನ್ನಿಸಿರಬೇಕು. ಆ ಬೋಟಿನ ಎಂಜಿನ್ ಹೊಟ್ಟೆಯೊಳಗಿದೆ. ನೀರು ತಳ್ಳುವ ಪಂಕ ಮತ್ತು ಗೇರ್ ಹಿಂಬದಿಯಲ್ಲಿ, ನೀರಿಗೆ ಇಳಿಬಿಟ್ಟ ಕಾಲಿನಂಥ ಭಾಗದಲ್ಲಿವೆ. ನಾನು ಮುಂದೆ ಕೂತು ಗೇರಿನ ಹಿಡಿ ಎಳೆದರೆ ಉದ್ದನೆಯ ಕೇಬಲ್ಲೊಂದು ಆ ಸುದ್ದಿಯನ್ನು ಹಿಂದಕ್ಕೆ ಮುಟ್ಟಿಸಬೇಕು.

ಕೆಲವು ದಿನಗಳಿಂದ ಹಿಡಿ ಬಿಗಿಯಾಗಿತ್ತು. ಭಟ್ಕಳದ ಮೆಕ್ಯಾನಿಕ್ ಇಸ್ಮಾಯಿಲ್‌ಗೆ ಫೋನ್ ಮಾಡಿದೆ. "ಶುಕ್ರವಾರ ಕಳೆದು ಬರ್ತೇನೆ ಮಾಸ್ತರೆ. ಅಲ್ಲಿವರೆಗೆ ಬೋಟು ಬಿಡ್ಬೇಡಿ" ಎಂದ. ನಾನು ಹಿಡಿಯ ಬುಡಕ್ಕೆ ಗ್ರೀಸ್ ಮೆತ್ತಿ ಆಚೀಚೆ ಎಳೆದೆ. ಸರಾಗವಾಗಿ ಬಂತು. ರೋಗ ವಾಸಿಯಾಯಿತೆಂದು ನಂಬಿದೆ.

ಅಷ್ಟರಲ್ಲಿ ಕುಮಟೆಯಿಂದ ಮಗಳ ಅತ್ತೆ ಯಮುನಕ್ಕ ಬಂದರು. ಮದುವೆಯಲ್ಲಿ ತಳ ಹಿಡಿದ ಪಾಯಸವನ್ನು ಅವರು ಏನೂ ಅನ್ನದೆ ಪಕ್ಕಕ್ಕೆ ಸರಿಸಿದ್ದು ನಮ್ಮ ಮನೆಯಲ್ಲಿ ಇನ್ನೂ ಜೀರ್ಣವಾಗಿಲ್ಲ. ಸಂಜೆ ಅವರು, "ಬೋಟು ಉಂಟಂತಲ್ಲ ಬೀಗ್ರೆ, ಒಂದು ಸುತ್ತು ಹೋಗ್ಬಹುದಾ?" ಎಂದರು. ಆಗದು ಎನ್ನುವ ಎದೆ ನನಗಿರಲಿಲ್ಲ.

ಸುಮಿತ್ರೆಯೂ ಹತ್ತಿದಳು. ಹೊಳೆಯಂಚಿನ ಕಾಂಡ್ಲಾ ಗಿಡಗಳ ಬದಿಗೆ ಹೋಗಿ ಬರುವವರೆಗೆ ಎಲ್ಲವೂ ಚಂದವಿತ್ತು. ಬೋಟು ಕಟ್ಟುವ ಧಕ್ಕೆ ಹತ್ತಿರವಾದಾಗ ಹಿಡಿಯನ್ನು ನ್ಯೂಟ್ರಲ್‌ಗೆ ಎಳೆದೆ. ಹಿಡಿ ಬಂತು, ಬೋಟು ನಿಲ್ಲಲಿಲ್ಲ. ಧಕ್ಕೆಯ ಮೇಲಿಟ್ಟಿದ್ದ ಚಹಾದ ಫ್ಲಾಸ್ಕು ನೋಡುತ್ತಿದ್ದಂತೆಯೇ ಹಿಂದಕ್ಕೆ ಸರಿದುಹೋಯಿತು.

ಸುಮಿತ್ರೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಎಂತ ಆತು?"

"ಗೇರ್ ಕಚ್ಕಂಡಿದೆ. ನಗ್ತಾ ಇರು."

ಸಮುದ್ರದ ಇಳಿತದ ಹೊತ್ತು. ಎಂಜಿನ್ ಬಂದ್ ಮಾಡಿದರೆ ಹೊಳೆ ನಮ್ಮನ್ನು ಅಳಿವೆಗೆ ಒಯ್ಯುತ್ತದೆ. ಅಲ್ಲಿ ಮರಳ ದಿಬ್ಬ, ಅದರಾಚೆ ಸಮುದ್ರ. ಬಂದ್ ಮಾಡದಿದ್ದರೆ ಡೀಸೆಲ್ ಮುಗಿಯುವ ತನಕ ಸುತ್ತುತ್ತಿರಬೇಕು. ಬೋಟು ತಿರುಗಿಸಿ ಹೊಳೆಯ ಮೇಲಕ್ಕೆ ಹೋಗಿ, ಮತ್ತೆ ಧಕ್ಕೆಗೆ ಬಂದೆ. ನೀರಿನ ಸೆಳೆತವೂ ಸೇರಿ ಈ ಸಲವೂ ನಿಲ್ಲದೆ ದಾಟಿದೆವು. ಯಮುನಕ್ಕ ಸೆರಗು ಹೊದ್ದು, "ಎಷ್ಟು ತ್ರಾಸ ತಕಂತ್ರಿ ನೀವು" ಎಂದರು. ಅದು ಮೆಚ್ಚುಗೆಯೋ ಚುಚ್ಚುಮಾತೋ ತಿಳಿಯಲಿಲ್ಲ.

ದೂರದಲ್ಲಿ ಅಳಿವೆಯ ಬಿಳಿ ನೊರೆ ಕಂಡದ್ದೇ, ಹೆದರಿಕೆಗೋ ಏನೋ, ತಲೆ ಓಡಿತು. ನೀರಿಗೆ ಎದುರಾಗಿ ಬಂದರೆ ಹೊಳೆಯೇ ಬ್ರೇಕ್ ಹಾಕೀತು. ಬೋಟು ತಿರುಗಿಸಿ, ಎಂಜಿನ್ನನ್ನು ಪೂರ್ತಿ ನಿಧಾನ ಮಾಡಿ ಹೊಳೆಯ ಕೆಳಬದಿಯಿಂದ ಬಂದೆ. ಮುಂದಕ್ಕೆ ದೂಡುವ ಪಂಕ, ಹಿಂದಕ್ಕೆ ತಳ್ಳುವ ಇಳಿತ. ಬೋಟು ಧಕ್ಕೆಯ ಪಕ್ಕ ಹೆಚ್ಚುಕಡಿಮೆ ನಿಂತೇಬಿಟ್ಟಿತು. ಸುಮಿತ್ರೆ ಹಗ್ಗದ ಕುಣಿಕೆಯನ್ನು ಕಂಬಕ್ಕೆ ಹಾಕಿದಳು. ನಾನು ಎಂಜಿನ್ ಬಂದ್ ಮಾಡಿದೆ.

ಇಸ್ಮಾಯಿಲ್ ಬಂದು ಹಿಂದೆ ಕೇಬಲ್ ಬಿಚ್ಚಿ ಕೈಯಿಂದಲೇ ಗೇರ್ ಹಾಕಿ ನೋಡಿದ. ಬೆಣ್ಣೆಯಂತೆ ಹೊರಳಿತು. ತಪ್ಪು ಕೇಬಲ್ಲಿನದು, ಹರಿದ ರಬ್ಬರ್ ಹೊದಿಕೆಯಿಂದ ಉಪ್ಪುನೀರು ಹೊಕ್ಕು ಒಳಗಿನ ತಂತಿ ತುಕ್ಕು ಹಿಡಿದು ಉಬ್ಬಿ, ಕೊನೆಗೆ ತುಂಡಾಗಿತ್ತು. ಹೊಸದು ಹಾಕಿದೆವು.

ಮುಂದಿನ ತಿಂಗಳು ಯಮುನಕ್ಕ ತಮ್ಮ ತಂಗಿಯನ್ನೂ ಕರೆತಂದರು. ಒಂದು ಸುತ್ತು ಹಾಕಿ ಧಕ್ಕೆಯ ಹತ್ತಿರ ಹಿಡಿ ಎಳೆದೆ. ಬೋಟು ಹೇಳಿದ ಮಾತು ಕೇಳಿ ನಿಂತಿತು. ನಾನು ಹೆಮ್ಮೆಯಿಂದ ಹಿಂದೆ ನೋಡಿದೆ. ಅಕ್ಕತಂಗಿ ಇಬ್ಬರೂ ಕೂತಲ್ಲೇ ಇದ್ದರು.

ಯಮುನಕ್ಕ ತಂಗಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದರು, "ಹೋದ ಸಲ ಧಕ್ಕೆ ಹತ್ರ ಬಂದ್ರೂ ಇಳಿಸ್ಲೇ ಇಲ್ಲ ಮಾರಾಯ್ತಿ, ಮತ್ತೆ ಮತ್ತೆ ಸುತ್ತಿಸಿದ್ರು. ಇವತ್ತು ಅವ್ರಿಗೆ ಎಂತದೋ ಬೇಜಾರು ಆಗಿರ್ಬೇಕು."

ಸುಮಿತ್ರೆ ನನ್ನ ಕಡೆ ನೋಡಲೇ ಇಲ್ಲ. ಅವಳ ಭುಜ ಮಾತ್ರ ಅಲುಗುತ್ತಿತ್ತು.

ನಾನು ಮುಂದಕ್ಕೆ ಗೇರ್ ಹಾಕಿ ಇನ್ನೆರಡು ಸುತ್ತು ಹೊಡೆದೆ, ಪ್ರತಿ ಸಲವೂ ಧಕ್ಕೆಯನ್ನು ಬೇಕೆಂದೇ ತಪ್ಪಿಸಿ.